ಅಡಿಕೆ ಬೆಳೆಗಾರರಿಗೆ ಆಪ್ಷನ್ ವ್ಯವಹಾರದ ಪರಿಚಯ

ತುಂಗಾ ತೀರದ ಹರಿಹರಪುರದ ಸುತ್ತಮುತ್ತ ಅಡಿಕೆ ಬೆಳೆಯುವ ರೈತರಿಗೆ ಕೊಳೆರೋಗದ ಚಿಂತೆ ಮಳೆಗಾಲದಲ್ಲಿ ಮಾತ್ರ. ಧಾರಣೆಯ ಚಿಂತೆ ವರ್ಷವಿಡೀ ಇದ್ದೇ ಇರುತ್ತದೆ. ಇತ್ತೀಚೆಗೆ ಅಲ್ಲಿಯ ತೋಟಗಳನ್ನು ನೋಡಲು ಹೋಗಿದ್ದಾಗ ಹಿರಿಯ ಬೆಳೆಗಾರರೊಬ್ಬರು ರೋಗದ ಮಾತು ಮುಗಿದ ಮೇಲೆ ಬೇರೊಂದು ಪ್ರಶ್ನೆ ಕೇಳಿದರು: "ಅಡಿಕೆ ಮಾರಿದ ದುಡ್ಡನ್ನು ಫೋನಿನಲ್ಲೇ ಆಪ್ಷನ್‌ಗೆ ಹಾಕೋಣ ಅಂತಾನೆ ಮಗ. ಅದು ಬೆಲೆಗೆ ಮಾಡಿಸುವ ವಿಮೆ ಇದ್ದ ಹಾಗಂತೆ. ಹೌದಾ ಸಾರ್?"

ಹೌದು ಎಂದರೂ ಸರಿ, ಅಲ್ಲ ಎಂದರೂ ಸರಿ. ಯಾವಾಗ ಹೌದು, ಯಾವಾಗ ಅಲ್ಲ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಪ್ಷನ್ ಎಂದರೇನು?

ಚೇಣಿ ಪದ್ಧತಿ ತಮಗೆಲ್ಲ ತಿಳಿದೇ ಇದೆ. ಫಸಲು ಮರದಲ್ಲಿರುವಾಗಲೇ ಚೇಣಿದಾರರೊಡನೆ ದರ ಗೊತ್ತುಮಾಡಿಕೊಂಡರೆ, ಮುಂದೆ ಧಾರಣೆ ಏರಲಿ ಇಳಿಯಲಿ, ಇಬ್ಬರೂ ಆ ಮಾತಿಗೆ ಬದ್ಧರು. ಪೇಟೆಯ ಫ್ಯೂಚರ್ಸ್ ಕರಾರು ಕೂಡ ಇದೇ ಬಗೆಯದು.

ಆಪ್ಷನ್‌ನಲ್ಲಿ ಕಟ್ಟು ಬೀಳುವುದು ಒಬ್ಬನಿಗೆ ಮಾತ್ರ. ಕೊಳ್ಳುವವನು ಪ್ರೀಮಿಯಂ ಎಂಬ ಹಣವನ್ನು ಮೊದಲೇ ತೆತ್ತು ಒಂದು ಹಕ್ಕನ್ನು ಪಡೆಯುತ್ತಾನೆ. ಅವಧಿಯೊಳಗೆ ಅದನ್ನು ಚಲಾಯಿಸಬಹುದು, ಬೇಡವಾದರೆ ಬಿಡಬಹುದು. ಕೊಟ್ಟ ಪ್ರೀಮಿಯಂ ಮಾತ್ರ ಹಿಂದಿರುಗುವುದಿಲ್ಲ. ಹಕ್ಕನ್ನು ಮಾರಿದವನಾದರೋ ಕೇಳಿದಾಗ ನಡೆಸಿಕೊಡಲೇಬೇಕು.

ಗೊತ್ತುಪಡಿಸಿದ ದರಕ್ಕೆ ಮಾರುವ ಹಕ್ಕಿಗೆ 'ಪುಟ್' ಎಂದೂ, ಕೊಳ್ಳುವ ಹಕ್ಕಿಗೆ 'ಕಾಲ್' ಎಂದೂ ಹೆಸರು. ಇದು ಹೊಸದೇನಲ್ಲ. ನಮ್ಮ ದೇಶದ ಹಳೆಯ ಪೇಟೆಗಳಲ್ಲಿ ಇಂಥ ವ್ಯವಹಾರಕ್ಕೆ ತೇಜಿ, ಮಂದಿ ಎಂಬ ಹೆಸರುಗಳಿದ್ದವು. ಸಟ್ಟಾ ಹೆಚ್ಚುವುದೆಂಬ ಕಾರಣದಿಂದ ಸರಕುಗಳ ಆಪ್ಷನ್‌ಗಳನ್ನು 1952ರ ಕಾಯಿದೆ ನಿಷೇಧಿಸಿತು. ಬಹುಕಾಲದ ನಂತರ 2017ರ ಅಕ್ಟೋಬರಿನಲ್ಲಿ ಚಿನ್ನಕ್ಕೆ, 2018ರ ಜನವರಿಯಲ್ಲಿ ಕೃಷಿ ಸರಕುಗಳ ಪೈಕಿ ಮೊದಲಿಗೆ ಗೋರಿಕಾಯಿ ಬೀಜಕ್ಕೆ ಆಪ್ಷನ್ ಆರಂಭವಾಯಿತು.

ಒಂದು ಉದಾಹರಣೆ

ಅಡಿಕೆಗೂ ಆಪ್ಷನ್ ಇದೆಯೆಂದು ಲೆಕ್ಕಕ್ಕಾಗಿ ಭಾವಿಸೋಣ. ಇಂದಿನ ಧಾರಣೆ ಕ್ವಿಂಟಾಲಿಗೆ 48,000 ರೂ. ಎಂದಿಟ್ಟುಕೊಳ್ಳಿ. ಮೂರು ತಿಂಗಳ ನಂತರ 45,000 ರೂ.ಗೆ ಮಾರುವ ಹಕ್ಕನ್ನು ಕ್ವಿಂಟಾಲಿಗೆ 1,500 ರೂ. ಪ್ರೀಮಿಯಂ ಕೊಟ್ಟು ತಾವು ಪಡೆಯುತ್ತೀರಿ.

ಧಾರಣೆ 38,000ಕ್ಕೆ ಕುಸಿದರೆ ಹಕ್ಕನ್ನು ಚಲಾಯಿಸಿ 45,000 ಪಡೆಯಬಹುದು. ಪ್ರೀಮಿಯಂ ಕಳೆದು 43,500 ರೂ. ಕೈಗೆ ಉಳಿಯುತ್ತದೆ.

ಧಾರಣೆ 44,000ಕ್ಕೆ ನಿಂತರೂ ಉಳಿಯುವುದು 43,500 ರೂ.; ಇಲ್ಲಿ ಹಕ್ಕಿನಿಂದ ಬಂದ ಲಾಭ 1,000, ತೆತ್ತದ್ದು 1,500.

ಧಾರಣೆ 55,000ಕ್ಕೆ ಏರಿದರೆ ಹಕ್ಕನ್ನು ಬಿಟ್ಟು ಪೇಟೆಯಲ್ಲೇ ಮಾರುತ್ತೀರಿ. ಉಳಿಯುವುದು 53,500 ರೂ.

ಹೀಗೆ ಬೆಲೆ ಎಷ್ಟೇ ಬಿದ್ದರೂ 43,500ಕ್ಕಿಂತ ಕೆಳಗೆ ಇಳಿಯದಂತೆ ತಡೆ ಸಿಕ್ಕಿತು. ಏರಿಕೆಯ ಲಾಭವೂ ತಪ್ಪಲಿಲ್ಲ. ಮಳೆ ಕಡಿಮೆಯಾದ ವರ್ಷ ಬೋರ್ಡೋ ಸಿಂಪಡಿಸಿದ ಖರ್ಚು ದಂಡವಾಯಿತೆಂದು ಯಾರೂ ಹೇಳುವುದಿಲ್ಲ. ಪ್ರೀಮಿಯಂ ಕೂಡ ಅಂಥದೇ ಖರ್ಚು. ಈ ಅರ್ಥದಲ್ಲಿ ಆಪ್ಷನ್ ವಿಮೆಯೇ ಸರಿ.

ಮಾರಿದವನ ಪಾಡು

ಹತ್ತು ಕ್ವಿಂಟಾಲಿಗೆ ಈ ಹಕ್ಕನ್ನು ಮಾರಿದವನಿಗೆ ಸಿಕ್ಕಿದ್ದು 15,000 ರೂ. ಧಾರಣೆ 38,000ಕ್ಕೆ ಬಿದ್ದರೆ ಅವನು ತುಂಬಿಕೊಡಬೇಕಾದದ್ದು 70,000. ನಿವ್ವಳ ನಷ್ಟ 55,000 ರೂ. ಸರಕಿಲ್ಲದೆ ಕೊಳ್ಳುವ ಹಕ್ಕನ್ನು ಮಾರಿದವನ ನಷ್ಟಕ್ಕಂತೂ ಮಿತಿಯೇ ಇಲ್ಲ. ಬೆಲೆ ಏರಿದಷ್ಟೂ ಅದು ಬೆಳೆಯುತ್ತದೆ. "ಆಪ್ಷನ್ ಮಾರಿ ತಿಂಗಳ ಆದಾಯ ಗಳಿಸಿ" ಎಂಬ ಮಾತು ಕೇಳಿದಾಗ ಈ ಲೆಕ್ಕವನ್ನು ನೆನೆಯಿರಿ.

ಕೊಂಡವನಿಗೂ ಒಂದು ಶತ್ರುವಿದೆ, ಅದು ಕಾಲ. ಕಲಸಿದ ಬೋರ್ಡೋ ದ್ರಾವಣವನ್ನು ಅಂದೇ ಬಳಸಬೇಕು, ಇಟ್ಟರೆ ಕೆಡುತ್ತದೆ. ಆಪ್ಷನ್ ಕೂಡ ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ. ಬೆಲೆ ಅಲುಗಾಡದೆ ನಿಂತರೂ ಪ್ರೀಮಿಯಂ ಕರಗುತ್ತದೆ. ಬೆಲೆಯ ದಿಕ್ಕನ್ನು ಸರಿಯಾಗಿ ಊಹಿಸಿದರೆ ಸಾಲದು, ಅವಧಿಯೊಳಗೆ ಆ ಊಹೆ ನಿಜವೂ ಆಗಬೇಕು.

ಫೋನಿನಲ್ಲಿ ಸಿಗುವುದು ಏನು?

ಅಡಿಕೆಗೆ ಇಂದು ನಮ್ಮ ಯಾವ ವಿನಿಮಯ ಕೇಂದ್ರದಲ್ಲೂ ಆಪ್ಷನ್ ಇಲ್ಲ. ಅರೇಬಿಕಾ ಕಾಫಿಗೆ ನ್ಯೂಯಾರ್ಕಿನಲ್ಲಿ, ರೊಬಸ್ಟಾಕ್ಕೆ ಲಂಡನ್ನಿನಲ್ಲಿ ಇದೆ. ಆದರೆ ಅದು ಡಾಲರಿನ ಲೆಕ್ಕದ ದೊಡ್ಡ ವ್ಯಾಪಾರ. ಯುವಕರ ಫೋನಿಗೆ ಬರುವುದು ಬಹುಮಟ್ಟಿಗೆ ಷೇರು ಸೂಚ್ಯಂಕದ ಆಪ್ಷನ್, ಅದರಲ್ಲೂ ಹಲವು ಒಂದೇ ವಾರದಲ್ಲಿ ಮುಗಿಯುವಂಥವು. ಅಡಿಕೆಯ ಧಾರಣೆಗೂ ಸೂಚ್ಯಂಕಕ್ಕೂ ಸಂಬಂಧವಿಲ್ಲ. ನಮ್ಮ ತೋಟಕ್ಕೆ ಕೊಳೆ ಬಂದಾಗ ಪಕ್ಕದೂರಿನ ಗದ್ದೆಗೆ ಔಷಧಿ ಹೊಡೆದರೆ ಕೊಳೆ ನಿಲ್ಲುತ್ತದೆಯೇ? ಕಾಪಾಡಿಕೊಳ್ಳಬೇಕಾದ ಸರಕೇ ಇಲ್ಲದೆ ಕೊಂಡ ಆಪ್ಷನ್ ವಿಮೆಯಲ್ಲ, ಅದು ಪಣ.

ಪಣದ ಫಲವನ್ನು ಸೆಬಿ 2024ರಲ್ಲಿ ಪ್ರಕಟಿಸಿದೆ. 2021-22ರಿಂದ 2023-24ರವರೆಗೆ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯವಹಾರ ಮಾಡಿದ ಒಂದು ಕೋಟಿಗೂ ಮೀರಿದ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟ ಹೊಂದಿದರು. ತಲಾ ನಷ್ಟ, ಖರ್ಚೂ ಸೇರಿ, ಸರಾಸರಿ ಸುಮಾರು 2 ಲಕ್ಷ ರೂ.

ಬೆಳೆಗಾರರು ಗಮನಿಸಬೇಕಾದ ಅಂಶಗಳು

1. ಫಸಲನ್ನೆಲ್ಲ ಒಂದೇ ದಿನ ಮಾರದೆ ನಾಲ್ಕೈದು ಕಂತುಗಳಲ್ಲಿ ಮಾರಿರಿ. ಆಗ ವರ್ಷದ ಸರಾಸರಿ ದರವಾದರೂ ಸಿಗುತ್ತದೆ. 2014ರಲ್ಲಿ ಏರಿದ ಧಾರಣೆ ಇನ್ನೂ ಏರುವುದೆಂದು ಪೂರ್ತಿ ದಾಸ್ತಾನು ಇಟ್ಟುಕೊಂಡವರಿಗೆ ಮುಂದಿನ ಎರಡು ವರ್ಷಗಳ ಕುಸಿತ ನೆನಪಿರಬಹುದು.

2. ತುರ್ತು ಖರ್ಚಿದ್ದಾಗ ಕಡಿಮೆ ದರಕ್ಕೆ ಮಾರುವ ಬದಲು ಸಹಕಾರ ಸಂಘದಲ್ಲಿ ದಾಸ್ತಾನಿನ ಮೇಲೆ ಸಾಲ ಪಡೆಯುವುದನ್ನು ಯೋಚಿಸಿರಿ. ಬಡ್ಡಿಯ ಲೆಕ್ಕವನ್ನು ಮಾತ್ರ ಮರೆಯಬಾರದು.

3. ಆಪ್ಷನ್ ಕಲಿಯಲೇಬೇಕೆಂಬ ಮಕ್ಕಳಿಗೆ ಮೊದಲು ಆರು ತಿಂಗಳು ಕಾಗದದ ಮೇಲೆ ಲೆಕ್ಕ ಬರೆಯಲು ಹೇಳಿರಿ. ಲಾಭವಾದ ದಿನವನ್ನಷ್ಟೇ ಅಲ್ಲ, ನಷ್ಟವಾದ ದಿನವನ್ನೂ ದಲ್ಲಾಳಿಯ ಖರ್ಚನ್ನೂ ಬರೆಯಬೇಕು.

4. ಗೊಬ್ಬರ, ಕೊಯ್ಲಿನ ಕೂಲಿ, ಮಕ್ಕಳ ಶುಲ್ಕ, ಸಾಲದ ಕಂತು, ಇವುಗಳ ಹಣವನ್ನು ಇದಕ್ಕೆ ಎಂದೂ ತೊಡಗಿಸಬಾರದು.

ಹರಿಹರಪುರದ ಆ ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇದೇ: "ಯಾವ ಸರಕಿಗೆ ವಿಮೆ ಎಂದು ಮಗನನ್ನು ಕೇಳಿ. ಅವನು ಸರಕಿನ ಹೆಸರು ಹೇಳಿದರೆ ಮುಂದಿನ ಮಾತು. ಹೇಳಲಾಗದಿದ್ದರೆ ಅಡಿಕೆಯ ದುಡ್ಡು ಬ್ಯಾಂಕಿನಲ್ಲೇ ಇರಲಿ."