ಹೋದ ದೋಣಿ ಮರಳಿ ಬರಬೇಕಾದರೆ

ಸುಬ್ರಹ್ಮಣ್ಯದಲ್ಲಿ ಕುಮಾರಧಾರೆ ದೋಣಿಯ ನದಿಯಲ್ಲ. ಆಟಿ ತಿಂಗಳ ಮಳೆಗೆ ಸ್ನಾನಘಟ್ಟವನ್ನೇ ಮುಳುಗಿಸಿ ಭೋರ್ಗರೆಯುವ ಈ ಹೊಳೆ, ಬೇಸಗೆ ಬಂತೆಂದರೆ ಬಂಡೆಗಳ ಸಂದಿನಲ್ಲಿ ತೆಳ್ಳಗೆ ಹರಿಯುತ್ತದೆ. ಕ್ಷೇತ್ರದ ಆಸುಪಾಸಿನಲ್ಲಿ ಮೀನು ಹಿಡಿಯುವ ಮಾತೂ ಇಲ್ಲ. ಅವು ದೇವರ ಮೀನುಗಳು. ಆದರೆ ಇದೇ ನೀರು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಬಯಲಿಗಿಳಿದು, ತುಂಬೆಯ ಕಿಂಡಿ ಅಣೆಕಟ್ಟಿನ ಹಿಂದೆ ತಂಗಿದಾಗ ಸಣ್ಣ ದೋಣಿಗೆ ಹೇಳಿ ಮಾಡಿಸಿದ ಜಾಗವಾಗುತ್ತದೆ. ಇಂಥ ದೋಣಿಗೆ ಹುಟ್ಟಿನ ಬದಲು ಒಂದು ವಿದ್ಯುತ್ ಮೋಟಾರು ಕಟ್ಟಿದರೆ ಹೇಗೆ?

ಹೊರದೇಶಗಳಲ್ಲಿ ಇದನ್ನು 'ಟ್ರೋಲಿಂಗ್ ಮೋಟಾರು' ಎನ್ನುತ್ತಾರೆ. ಮಂಗಳೂರಿನ ಧಕ್ಕೆಯಲ್ಲಿ ಕೇಳಿಬರುವ ಟ್ರಾಲಿಂಗ್ ಬೇರೆ. ಅದು ಬಲೆ ಎಳೆಯುವ ದೊಡ್ಡ ಬೋಟುಗಳ ಕಸುಬು. ಇದು ಗಾಳದ ದಾರವನ್ನು ನೀರಿನಲ್ಲಿ ಎಳೆಯುತ್ತ ಸದ್ದಿಲ್ಲದೆ ಸಾಗುವ ಕ್ರಮ. ಅಮೆರಿಕದ ಫಾರ್ಗೊ ಪಟ್ಟಣದಲ್ಲಿ ಒ. ಜಿ. ಶ್ಮಿಟ್ ಎಂಬಾತ 1934ರಲ್ಲಿ ಫೋರ್ಡ್ ಕಾರಿನ ಸ್ಟಾರ್ಟರ್ ಮೋಟಾರಿಗೆ ದಂಡವನ್ನೂ ಪಂಖವನ್ನೂ ಜೋಡಿಸಿದ್ದೇ ಇದರ ಮೂಲ. ಹೊಗೆಯಿಲ್ಲ, ಸೀಮೆಎಣ್ಣೆಯ ವಾಸನೆಯಿಲ್ಲ, ಮೀನೂ ಬೆದರುವುದಿಲ್ಲ.

ತೊಡಕಿರುವುದು ಮೋಟಾರಿನಲ್ಲಲ್ಲ, ಬ್ಯಾಟರಿಯಲ್ಲಿ. 12 ವೋಲ್ಟಿನ ಸಣ್ಣ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. ಅಂದರೆ 360 ವ್ಯಾಟ್. ಬ್ಯಾಟರಿಯ ಮೇಲೆ '100 ಆಂಪಿಯರ್-ಗಂಟೆ' ಎಂದು ಬರೆದಿದೆ. ಹಾಗಿದ್ದರೆ ಮೂರು ಗಂಟೆಗೂ ಮೀರಿ ಓಡಬೇಕಲ್ಲ? ಓಡದು. ಆ 100 ಎಂಬುದು ಸಾಮಾನ್ಯವಾಗಿ 20 ಗಂಟೆಗಳ ಲೆಕ್ಕ: ಗಂಟೆಗೆ ಐದೈದು ಆಂಪಿಯರ್‌ನಂತೆ ನಿಧಾನವಾಗಿ ತೆಗೆದರೆ ಮಾತ್ರ ಅಷ್ಟು ಸಿಗುತ್ತದೆ. ಒಮ್ಮೆಗೇ 30 ಎಳೆದರೆ ಸಿಗುವುದು ಕಡಿಮೆ. ಮೇಲಾಗಿ ಸೀಸ-ಆಮ್ಲದ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಆದ್ದರಿಂದ ಜಾಣರು 80 ನಿಮಿಷ ಎಂದು ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಹತ್ತನೆಯ ತರಗತಿಯ ಗಣಿತ ಪುಸ್ತಕ ತೆರೆಯಿರಿ. ಹೊಳೆಯ ಹರಿವಿನೊಡನೆ ಹೋಗಿ, ಹರಿವಿಗೆದುರಾಗಿ ಬರುವ ದೋಣಿಯ ಪ್ರಶ್ನೆ ಅಲ್ಲಿದೆ. ಅಂಕಕ್ಕಾಗಿ ಬಿಡಿಸುವ ಈ ಲೆಕ್ಕ ದೋಣಿಯಲ್ಲಿ ಕುಳಿತವನಿಗೆ ಮನೆ ಸೇರುವ ಪ್ರಶ್ನೆ. ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ 6 ಕಿಲೋಮೀಟರ್, ಹೊಳೆಯ ಹರಿವು 3 ಎನ್ನೋಣ. ಇಳಿಮುಖವಾಗಿ ದೋಣಿ ಗಂಟೆಗೆ 9 ಕಿ.ಮೀ. ಹೋಗುತ್ತದೆ, ಏರುವಾಗ ಮೂರೇ ಮೂರು. ಅರ್ಧ ಬ್ಯಾಟರಿ, ಅಂದರೆ 40 ನಿಮಿಷ, ಮುಗಿದ ಮೇಲೆ ತಿರುಗಿಕೊಳ್ಳೋಣ ಎಂದು ಹೊರಟವನು ಅಷ್ಟರಲ್ಲಿ 6 ಕಿ.ಮೀ. ಕೆಳಗೆ ಹೋಗಿರುತ್ತಾನೆ. ಉಳಿದ 40 ನಿಮಿಷದಲ್ಲಿ ಮೇಲೆ ಬರುವುದು 2 ಕಿ.ಮೀ. ಕಡವಿಗೆ ಇನ್ನೂ 4 ಕಿ.ಮೀ. ಇರುವಾಗ ಪಂಖ ನಿಲ್ಲುತ್ತದೆ! ಸರಿಯಾಗಿ ಮರಳಬೇಕಾದರೆ ಕಾಲು ಭಾಗ ಮುಗಿದಾಗಲೇ, 20ನೆಯ ನಿಮಿಷಕ್ಕೇ, ದೋಣಿ ತಿರುಗಿಸಬೇಕು.

ನಿಧಾನ ಓಡಿಸಿದರೆ ಉಳಿಯುವುದಿಲ್ಲವೆ? ನಿಂತ ನೀರಿನಲ್ಲಿ ಧಾರಾಳ ಉಳಿಯುತ್ತದೆ. ವೇಗ ಅರ್ಧಕ್ಕಿಳಿದರೆ ಬೇಕಾಗುವ ಶಕ್ತಿ ಸುಮಾರಾಗಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಹರಿವಿಗೆದುರಾಗಿ ಮಾತ್ರ ಈ ಉಪಾಯ ನಡೆಯದು. ಗಂಟೆಗೆ 3 ಕಿ.ಮೀ. ವೇಗದಲ್ಲಿ ಓಡಿದ ದೋಣಿ ನಿಂತಲ್ಲೇ ನಿಂತಿರುತ್ತದೆ, ಬ್ಯಾಟರಿ ಮಾತ್ರ ಕರಗುತ್ತಿರುತ್ತದೆ. ಹೊರಡುವಾಗಲೇ ಮೇಲ್ಮುಖವಾಗಿ ಹೋಗುವವನು ಬುದ್ಧಿವಂತ. ವಿದ್ಯುತ್ತು ಮುಗಿದರೂ ಹೊಳೆಯೇ ಅವನನ್ನು ಕೆಳಗೆ ತರುತ್ತದೆ.

ಮನೆಯಲ್ಲಿ ಇನ್ವರ್ಟರ್ ಇರುವಾಗ ಅದರ ಬ್ಯಾಟರಿಯನ್ನೇ ಒಯ್ಯಬಾರದೇಕೆ ಎಂದು ಮಕ್ಕಳು ಕೇಳಬಹುದು. 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯ ಭಾರ 50 ಕಿಲೋ ಮೀರುತ್ತದೆ. ದೋಣಿ ವಾಲಿದರೆ ಆಮ್ಲ ಚೆಲ್ಲುತ್ತದೆ. ಕಾರಿನ ಬ್ಯಾಟರಿಯೂ ತಕ್ಕುದಲ್ಲ. ಅದರ ತೆಳು ಫಲಕಗಳಿರುವುದು ಎಂಜಿನನ್ನು ಒಂದೆರಡು ಸೆಕೆಂಡಿನಲ್ಲಿ ಎಬ್ಬಿಸಲಿಕ್ಕೆ, ಗಂಟೆಗಟ್ಟಲೆ ದುಡಿಯಲಿಕ್ಕಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಆಂಪಿಯರ್-ಗಂಟೆಗೆ ಹನ್ನೆರಡು ಕಿಲೋದಷ್ಟೇ ತೂಗುತ್ತದೆ, ಎಂಬತ್ತು ಪಾಲು ಬಳಸಿದರೂ ತಡೆಯುತ್ತದೆ. ಬೆಲೆ ಹೆಚ್ಚು, ಚಾರ್ಜರೂ ಅದಕ್ಕೆ ಹೊಂದುವಂಥದೇ ಆಗಬೇಕು.

ತುಂಬಿಸುವುದಕ್ಕೂ ತಾಳ್ಮೆ ಬೇಕು. 100ರ ಸೀಸದ ಬ್ಯಾಟರಿಗೆ 10 ಆಂಪಿಯರ್ ಚಾರ್ಜರ್ ಹದವಾದದ್ದು. ಕೊನೆಯ ಪಾಲು ತುಂಬುವುದು ತೀರ ನಿಧಾನವಾದ್ದರಿಂದ ಒಂದು ರಾತ್ರಿ ಬಿಡಬೇಕು. ಆಗ ಹೊರಬರುವ ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ. ಮುಚ್ಚಿದ ಕೋಣೆ ಬೇಡ, ಹತ್ತಿರ ಬೀಡಿಯೂ ಬೇಡ. ದೋಣಿಯಲ್ಲಿ ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ. 230 ವೋಲ್ಟಿನಲ್ಲಿ ಒಂದೂವರೆ ಆಂಪಿಯರ್ ಸಾಕಾಗುವ ಕೆಲಸಕ್ಕೆ ಇಲ್ಲಿ 30 ಹರಿಯುವುದರಿಂದ ಮನೆಯ ಸಪೂರ ವೈರು ಬಿಸಿಯಾಗುತ್ತದೆ.

ಕರೆಂಟು ಕೈಕೊಡುವ ಊರಿನಲ್ಲಿ 100 ವ್ಯಾಟಿನ ಸೌರಫಲಕ ಒಳ್ಳೆಯ ಬಿಸಿಲಿಗೆ ದಿನಕ್ಕೆ 25ರಿಂದ 30 ಆಂಪಿಯರ್-ಗಂಟೆ ತುಂಬುತ್ತದೆ. 80 ನಿಮಿಷದ ಓಟಕ್ಕೆ ಒಂದೂವರೆ, ಎರಡು ದಿನ ಕಾಯಬೇಕಾಯಿತು. ಸುಬ್ರಹ್ಮಣ್ಯದ ಮಳೆಗಾಲದಲ್ಲಿ ಅದೂ ಇಲ್ಲ. ಆದರೆ ಘಟ್ಟದ ಬುಡದ ತೋಟಗಳಿಗೆ ಬೇರೊಂದು ದಾರಿಯಿದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಸಿಗಬಹುದಾದ ಶಕ್ತಿ ಸುಮಾರು 2 ಕಿಲೋವ್ಯಾಟ್. ಯಂತ್ರದಲ್ಲಿ ಅರ್ಧ ನಷ್ಟವಾದರೂ 1 ಕಿಲೋವ್ಯಾಟ್ ಉಳಿಯಿತು. ದಕ್ಷಿಣ ಕನ್ನಡದ ಗುಡ್ಡದ ಮನೆಗಳಲ್ಲಿ ಇಂಥ ಪುಟ್ಟ ಟರ್ಬೈನುಗಳು ತಿರುಗುತ್ತ ದೀಪ ಉರಿಸಿವೆ, ಮಿಕ್ಕ ವಿದ್ಯುತ್ತಿನಲ್ಲಿ ಸ್ನಾನದ ನೀರನ್ನೂ ಕಾಯಿಸಿವೆ. ಅದರ ಮುಂದೆ ಒಂದು ಬ್ಯಾಟರಿ ತುಂಬಿಸುವುದು ದೊಡ್ಡ ಮಾತಲ್ಲ.

ದೊಡ್ಡ ಪ್ರಮಾಣದಲ್ಲೂ ಇದು ಸಾಧ್ಯ ಎಂಬುದನ್ನು ಕೇರಳದ ವೈಕಂನ 'ಆದಿತ್ಯ' ತೋರಿಸಿದೆ. 75 ಜನರನ್ನು ಒಯ್ಯುವ ಈ ಸೌರದೋಣಿ ಸಂಚಾರ ಆರಂಭಿಸಿದ್ದು 2017ರಲ್ಲಿ. ಅದರ ಚಾವಣಿಯೇ ಫಲಕಗಳ ಹಾಸು. ಗಾಳದ ಪುಟ್ಟ ದೋಣಿಗೆ ಅಷ್ಟು ಜಾಗವಿಲ್ಲ. ಅಲ್ಲಿ ಮೊದಲ ದಿನ ದಡದ ಹತ್ತಿರದ ನಿಂತ ನೀರಿನಲ್ಲೇ ಗಡಿಯಾರ ಹಿಡಿದು ಓಡಿಸಿ, ಬ್ಯಾಟರಿ ಕೆಲವು ಗಂಟೆ ವಿಶ್ರಮಿಸಿದ ಮೇಲೆ ವೋಲ್ಟ್ ಮೀಟರಿನಿಂದ ಅಳೆಯಬೇಕು. ಸೀಸದ ಬ್ಯಾಟರಿಯಲ್ಲಿ 12.7 ತೋರಿದರೆ ತುಂಬಿದೆ, 12.2ರ ಆಸುಪಾಸು ಇದ್ದರೆ ಅರ್ಧ ಖಾಲಿ. ಈಜು ಜಾಕೆಟ್ಟು ಮೈಮೇಲೆ, ಹುಟ್ಟು ದೋಣಿಯೊಳಗೆ ಇರಲೇಬೇಕು.