ಕುದಿಸಿದ ನೀರು, ಫ್ಲೋರೈಡ್ ಮತ್ತು ಶಾಲೆಯ ವಿಜ್ಞಾನ ಪಾಠ

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂದು ನಂಬುವವರು ಮಕ್ಕಳಷ್ಟೇ ಅಲ್ಲ, ಹಿರಿಯರಲ್ಲಿಯೂ ಇದ್ದಾರೆ. ಕುದಿಸಿದಾಗ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ. ಆಳದ ಕೊಳವೆಬಾವಿಗಳನ್ನು ಅವಲಂಬಿಸಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ತಪ್ಪು ತಿಳಿವಳಿಕೆಯ ಪರಿಣಾಮವು ಮಕ್ಕಳ ಹಲ್ಲು, ಮೂಳೆಗಳ ಮೇಲಾಗುತ್ತದೆ.

ಮಕ್ಕಳು ತರಗತಿಗೆ ಬರುವಾಗಲೇ ತಮ್ಮದೇ ವಿವರಣೆಗಳನ್ನು ಹೊಂದಿರುತ್ತಾರೆ. ಪರೀಕ್ಷೆಯಲ್ಲಿ ಸರಿಯುತ್ತರ ಬರೆದ ನಂತರವೂ ಆ ವಿವರಣೆಗಳು ಮನಸ್ಸಿನಲ್ಲಿ ಉಳಿದಿರಬಹುದು. ಶಿಕ್ಷಣ ಸಂಶೋಧನೆಯು ಹಲವು ದಶಕಗಳಿಂದ ಇದನ್ನು ತೋರಿಸುತ್ತ ಬಂದಿದೆ. ಆಸ್ಟ್ರೇಲಿಯಾದ ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ಅವರು 1992ರ ತಮ್ಮ ಗ್ರಂಥದಲ್ಲಿ ವಿವರಿಸಿರುವ ಕ್ರಮ ಸರಳವಾದುದು. ಪ್ರಯೋಗಕ್ಕೆ ಮುನ್ನ ಏನಾಗುವುದೆಂದು ಮಕ್ಕಳು ಕಾರಣಸಹಿತ ಬರೆಯಬೇಕು. ಬಳಿಕ ಪ್ರಯೋಗವನ್ನು ನೋಡಬೇಕು. ಊಹಿಸಿದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸವಿದ್ದಲ್ಲಿ ಅದೇಕೆಂದು ಚರ್ಚಿಸಬೇಕು.

ದಿನನಿತ್ಯದ ಬೋಧನೆಯಲ್ಲಿ ಇದು ಅಪರೂಪ. ಇದನ್ನು ಶಿಕ್ಷಕರ ಉದಾಸೀನವೆಂದು ತಿಳಿಯುವುದು ಸರಿಯಲ್ಲ. ಗಣಿತ, ವಿಜ್ಞಾನ ಎರಡನ್ನೂ ಒಬ್ಬರೇ ಬೋಧಿಸುವ ಶಾಲೆಗಳಿವೆ. ಪ್ರಯೋಗದ ಸಾಮಗ್ರಿ ಮುಗಿದರೆ ಮತ್ತೆ ತರಿಸುವುದು ಸುಲಭವಲ್ಲ. ಪಾಠ ಮುಗಿಯಿತೇ ಎಂದು ಕೇಳುವವರು ಬಹಳ. ಮಕ್ಕಳು ಮೊದಲು ಏನೆಂದುಕೊಂಡಿದ್ದರು ಎಂದು ಕೇಳುವವರು ವಿರಳ. ಪಂಚಾಯಿತಿಗಳೂ ಇದಕ್ಕೆ ಹೊರತಲ್ಲ. ಸಭೆಗಳಲ್ಲಿ ಶಾಲೆಯ ಮಾತೆಂದರೆ ಕಾಂಪೌಂಡು, ಶೌಚಾಲಯಗಳಿಗೇ ಸೀಮಿತವಾಗುವುದುಂಟು.

ಆದರೆ ಬೇಕಾದ ಸಾಧನವೊಂದು ಪಂಚಾಯಿತಿಗಳ ಬಳಿಯೇ ಇದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಒದಗಿಸುವ ನೀರು ಪರೀಕ್ಷಾ ಕಿಟ್‌ನಿಂದ ಫ್ಲೋರೈಡ್ ಪ್ರಮಾಣವನ್ನು ಬಣ್ಣದ ಪಟ್ಟಿಗೆ ಹೋಲಿಸಿ ಅಂದಾಜಿಸಬಹುದು. ಕೊಳವೆಬಾವಿಯ ನೀರು, ಅದನ್ನೇ ಕುದಿಸಿ ಆರಿಸಿದ ನೀರು, ಶುದ್ಧ ಕುಡಿಯುವ ನೀರಿನ ಘಟಕದ ನೀರು: ಈ ಮೂರನ್ನೂ ಮಕ್ಕಳ ಮುಂದಿಟ್ಟು, ಮೊದಲು ಅವರ ಊಹೆಯನ್ನು ಬರೆಸಿ, ನಂತರ ಪರೀಕ್ಷಿಸಬಹುದು. ರಾಸಾಯನಿಕಗಳನ್ನು ತರಬೇತಿ ಪಡೆದವರೇ ಬಳಸಬೇಕು. ಅವುಗಳ ಅವಧಿ ಮೀರಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಭಾರತೀಯ ಮಾನಕದಂತೆ ಫ್ಲೋರೈಡ್‌ನ ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಜಲಮೂಲವಿಲ್ಲದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಕಿಟ್ ನೀಡುವುದು ಸೂಚನೆ ಮಾತ್ರ. ಮಿತಿ ಮೀರಿದಂತೆ ಕಂಡ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು.

ಫಲಿತಾಂಶವು ಪಂಚಾಯಿತಿಗೆ ಮುಜುಗರ ತರುವಂತಿದ್ದರೂ ಅದನ್ನು ಮುಚ್ಚಿಡಬಾರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಜನಿಸಿದ ಭೌತಶಾಸ್ತ್ರಜ್ಞ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸುವುದನ್ನೇ ಬದುಕಿನುದ್ದಕ್ಕೂ ಕಲಿಸಿದವರು. ಮಕ್ಕಳ ಪ್ರಶ್ನೆ ಈ ಜಿಲ್ಲೆಗೆ ಹೊಸದೇನಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳೇ ತಮ್ಮ ಊಹೆಯನ್ನೂ ಕಂಡ ಫಲಿತಾಂಶವನ್ನೂ ಮಂಡಿಸಲು ಅವಕಾಶ ಕಲ್ಪಿಸಬಹುದು. ಕಿಟ್‌ನ ಮರುಪೂರೈಕೆ ಮತ್ತು ಶಾಲೆಯೊಂದಿಗೆ ದಿನಾಂಕ ನಿಗದಿಯನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಬಹುದಾಗಿದೆ.