ಬಣ್ಣ ಕಾಣದ ಪ್ರಾಣಿಗೆ ಬಣ್ಣದ ಎರೆ

ಜಪಾನಿನ ಕಡಲತೀರದ ಊರುಗಳಲ್ಲಿ ಗಾಳದ ಸಾಮಾನಿನ ಅಂಗಡಿ ಹೊಕ್ಕರೆ ಗೋಡೆಯ ತುಂಬ ಬಣ್ಣದ ಸೀಗಡಿಗಳು ತೂಗುತ್ತಿರುತ್ತವೆ. ಗುಲಾಬಿ, ಕಿತ್ತಳೆ, ಹಸಿರು, ನೇರಳೆ. ಮೈಗೆ ಬಟ್ಟೆಯ ಹೊದಿಕೆ, ಅದರಡಿಯಲ್ಲಿ ಮಿನುಗುವ ಹಾಳೆ, ಕತ್ತಿನ ಕೆಳಗೆ ಒಂದು ತುಂಡು ಸೀಸ, ಬಾಲದಲ್ಲಿ ಮೇಲ್ಮೊಗವಾಗಿ ಬಾಗಿದ ಮುಳ್ಳುಗಳ ಸುತ್ತು. ಇವು 'ಎಗಿ' ಎಂಬ ಹುಸಿ ಎರೆಗಳು. ಹಿಡಿಯುವುದು ಮೀನನ್ನಲ್ಲ, ಸ್ಕ್ವಿಡ್ ಅನ್ನು, ಅಂದರೆ ಮಂಗಳೂರು, ಮಲ್ಪೆಯ ಕಡೆ ಬೊಂಡಾಸ್ ಎಂದು ಮಾರುವ ಪ್ರಾಣಿಯ ಬಂಧುವನ್ನು. ಸೋಜಿಗವೆಂದರೆ ಇಷ್ಟೆಲ್ಲ ಬಣ್ಣ ಬಳಿದು ಕಡಲಿಗೆ ಇಳಿಬಿಡುವುದು ಬಣ್ಣವೇ ಕಾಣದ ಜೀವಿಯ ಮುಂದೆ!

ಮನುಷ್ಯನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಸ್ಕ್ವಿಡ್ ಜಾತಿಯ ಬಹುಪಾಲು ಪ್ರಾಣಿಗಳಲ್ಲಿ ಬೆಳಕು ಹೀರುವ ವರ್ಣದ್ರವ್ಯ ಒಂದೇ ಒಂದು. (ಜಪಾನಿನ ಕಡಲಲ್ಲೇ ಇರುವ ಮಿಂಚುಹುಳು ಸ್ಕ್ವಿಡ್ಡಿನಲ್ಲಿ ಮೂರು ಇವೆ, ಅದು ಅಪವಾದ.) ಹೀಗಾಗಿ ಅದರ ಲೋಕ ಕಪ್ಪು ಬಿಳುಪು ಫೋಟೋದಂಥದು. ಆದರೆ ಅದನ್ನು ಕುರುಡೆಂದು ತಿಳಿದರೆ ತಪ್ಪಾದೀತು. ನೆರಳು ಬೆಳಕಿನ ಅಂತರ, ಅಂಚು, ಅಲುಗಾಟ ಇವುಗಳನ್ನು ಅದು ಚೆನ್ನಾಗಿ ಗುರುತಿಸುತ್ತದೆ. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂಬುದೂ ಅದಕ್ಕೆ ತಿಳಿಯುತ್ತದೆ. ಅದು ನಮಗೆ ಬರಿಗಣ್ಣಿಗೆ ದಕ್ಕದ ವಿದ್ಯೆ.

ಎಗಿ ಎಂದರೆ ಎರೆಯ ಮರ. 'ಎ' ಎಂದರೆ ಎರೆ, 'ಗಿ' ಎಂದರೆ ಮರ. ದಕ್ಷಿಣ ಜಪಾನಿನ ಸತ್ಸುಮಾ ಸೀಮೆಯಲ್ಲಿ, ಅಂದರೆ ಈಗಿನ ಕಾಗೊಶಿಮಾ ಪ್ರಾಂತದಲ್ಲಿ, ಟೊಕುಗಾವಾ ಆಳ್ವಿಕೆಯ (1603-1868) ಕಾಲದಲ್ಲಿ ಅದು ಬಳಕೆಗೆ ಬಂತು. ರಾತ್ರಿ ದೋಣಿಯಿಂದ ಉರಿಯುವ ಕೊಳ್ಳಿಯೊಂದು ನೀರಿಗೆ ಬಿತ್ತಂತೆ, ಸ್ಕ್ವಿಡ್ ಬಂದು ಅದನ್ನು ತಬ್ಬಿಕೊಂಡಿತಂತೆ. ಕಥೆ ನಿಜವೋ ಕಟ್ಟಿದ್ದೋ, ಹಳೆಯ ಎಗಿಗಳ ಮೈಮೇಲೆ ಸುಟ್ಟ ಗುರುತಿನ ಚಿತ್ತಾರ ಇರುವುದಂತೂ ನಿಜ. ಬೆಂಕಿಯಲ್ಲಿ ಕರಿದುಮಾಡಿದ ಆ ಮರದ ತುಂಡಿನಲ್ಲಿ ಬಣ್ಣವಿರಲಿಲ್ಲ, ಕಪ್ಪು ಮತ್ತು ಕಂದು ಮಾತ್ರ. ಸ್ಕ್ವಿಡ್ಡಿಗೆ ಅಷ್ಟೇ ಸಾಕಾಗಿತ್ತು.

ಹಾಗಾದರೆ ಈಗಿನ ಬಣ್ಣಗಳೆಲ್ಲ ಗಿರಾಕಿಯ ಕಣ್ಣಿಗೆ ಮಣ್ಣೆರಚಲೆಂದೇ? ಪೂರ್ತಿ ಹಾಗೂ ಅಲ್ಲ. ಕಿತ್ತಳೆ, ಗುಲಾಬಿ ಎರೆ ನೀರಿನೊಳಗೆ ಎಲ್ಲಿದೆ ಎಂಬುದು ದಡದಲ್ಲಿ ನಿಂತವನಿಗೆ ಕಾಣುತ್ತದೆ; ಬೆನ್ನಟ್ಟಿ ಬಂದ ಸ್ಕ್ವಿಡ್ ಕೂಡ ಆಗ ಕಂಡೀತು. ಒಳಗಿನ ಹಾಳೆಯ ಹೊಳಪು ಕಲಕಿದ ನೀರಿನಲ್ಲೂ ಮುಂಜಾವಿನ ಮಂದ ಬೆಳಕಿನಲ್ಲೂ ನೆರವಿಗೆ ಬರುತ್ತದೆ. ಸ್ಕ್ವಿಡ್ಡಿನ ಕಣ್ಣು ನೀಲಿ-ಹಸಿರು ಬೆಳಕನ್ನೇ ಹೆಚ್ಚಾಗಿ ಹಿಡಿಯುವುದರಿಂದ ಕೆಂಪು ಎರೆ ಅದಕ್ಕೆ ಬರಿಯ ಕಪ್ಪು ನೆರಳು. ರಾತ್ರಿಗೆ ಕೆಂಪೇ ಸರಿ ಎನ್ನುವ ಹಳಬರ ಮಾತಿಗೆ ಇದೇ ಕಾರಣವಿದ್ದೀತು. ಒಟ್ಟಿನಲ್ಲಿ ಬಣ್ಣದ ಹೆಸರಿಗಿಂತ ಅದು ದಟ್ಟವೋ ತಿಳಿಯೋ ಎಂಬುದು ಮುಖ್ಯ.

ನಿಜಕ್ಕೂ ಆರಿಸಬೇಕಾದ್ದು ಅಳತೆ ಮತ್ತು ಮುಳುಗುವ ವೇಗವನ್ನು. ಜಪಾನಿನಲ್ಲಿ ಮೆಟ್ರಿಕ್ ಅಳತೆ ಬಂದು ಎಷ್ಟೋ ಕಾಲವಾದರೂ ಎಗಿ ಮಾತ್ರ ಇಂದಿಗೂ ಹಳೆಯ 'ಸುನ್' ಲೆಕ್ಕದಲ್ಲೇ ಮಾರಾಟವಾಗುತ್ತದೆ. ಒಂದು ಸುನ್ ಎಂದರೆ ಸುಮಾರು 3 ಸೆಂಟಿಮೀಟರ್. ಮೂರೂವರೆಯ ಎಗಿ ಹತ್ತೂವರೆ ಸೆಂಟಿಮೀಟರ್ ಉದ್ದ. ಸಾಧಾರಣವಾಗಿ ಅದು ಒಂದು ಮೀಟರ್ ಆಳಕ್ಕೆ ಇಳಿಯಲು ಮೂರು ಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ತಳ ಆಳವಿಲ್ಲದ ಕಡೆಗೆ ಇನ್ನೂ ನಿಧಾನವಾಗಿ ಇಳಿಯುವುದು ಬೇಕು, ಸೆಳೆತವಿರುವ ಕಡೆಗೆ ಬೇಗ ಇಳಿಯುವುದು. ಕೋಲನ್ನು ಎರಡು ಮೂರು ಸಲ ಜಗ್ಗಿದರೆ ಎರೆ ಬೆದರಿದ ಸೀಗಡಿಯಂತೆ ಮೇಲಕ್ಕೆ ಚಿಮ್ಮುತ್ತದೆ. ಸ್ಕ್ವಿಡ್ ಆಗ ನೋಡುತ್ತಿರುತ್ತದೆ, ಅಷ್ಟೆ. ಎರೆ ತಲೆ ತಗ್ಗಿಸಿ ಮೆಲ್ಲಗೆ ಇಳಿಯತೊಡಗಿದಾಗ ಬಂದು ತಬ್ಬಿಕೊಳ್ಳುತ್ತದೆ. ಆ ಮುಳ್ಳುಗಳಿಗೆ ಕೊಕ್ಕೆಯ ತುದಿಯಿಲ್ಲ. ದಾರ ಸಡಿಲಾದರೆ ಬೇಟೆ ಜಾರಿತೆಂದೇ ಲೆಕ್ಕ.

ಮೀನುಗಾರರ ಕಸುಬಾಗಿದ್ದ ಇದು 1990ರ ದಶಕದಿಂದೀಚೆಗೆ ಪಟ್ಟಣಿಗರ ವಾರದ ರಜೆಯ ಗೀಳಾಯಿತು. ಎಗಿಗೆ ಇಂಗ್ಲಿಷಿನ ಬಾಲ ಅಂಟಿಸಿ 'ಎಗಿಂಗ್' ಎಂಬ ಹೆಸರೂ ಹುಟ್ಟಿತು. ರಾತ್ರಿಯೇ ಕಾರು ಹೊರಡಿಸಿ ಬೆಳಗಿನ ಜಾವಕ್ಕೆ ಬಂದರು ತಲುಪಿದವರು ಮೊದಲು ನೋಡುವುದು ಕಡಲನ್ನಲ್ಲ, ಕಾಲಡಿಯ ಕಾಂಕ್ರೀಟನ್ನು. ಹಿಡಿದ ಸ್ಕ್ವಿಡ್ ಉಗುಳಿದ ಮಸಿಯ ಕಲೆ ಅಲ್ಲಿ ಹಸಿಯಾಗಿದ್ದರೆ ಜಾಗ ಒಳ್ಳೆಯದು.

ಇವರು ಅರಸಿ ಬರುವ 'ಅವೊರಿ-ಇಕಾ' ಎಂಬ ಜಾತಿಯ ಆಯುಸ್ಸು ಸುಮಾರು ಒಂದೇ ವರ್ಷ. (ನಮ್ಮ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಯಲ್ಲೂ ಇದು ಉಂಟು.) ಶರತ್ಕಾಲದಲ್ಲಿ ಸಿಗುವುದು ಮರಿಗಳು, ಎರಡೂವರೆಯ ಎಗಿಗೇ ಬೀಳುತ್ತವೆ. ವಸಂತದಲ್ಲಿ ದೊಡ್ಡವು ಬರುತ್ತವೆ. ಮೂರು ಕಿಲೋ ತೂಗುವುದನ್ನು ಹಿಡಿಯುವುದು ಹವ್ಯಾಸಿಗಳ ಕನಸು. ಆದರೆ ದೊಡ್ಡವು ಆಗ ದಡಕ್ಕೆ ಬರುವುದು ಕಡಲಹುಲ್ಲಿನ ನಡುವೆ ಮೊಟ್ಟೆಯಿಡಲಿಕ್ಕೆ. ಹೆಮ್ಮೆಯಿಂದ ಫೋಟೋ ತೆಗೆಸಿಕೊಳ್ಳುವ ಬೇಟೆ ಎಷ್ಟೋ ಸಲ ಬಸಿರಿಯೇ. ಜಪಾನಿನ ನದಿಗಳಲ್ಲಿ ಗಾಳ ಹಾಕಲು ಹಲವೆಡೆ ಚೀಟಿ ಕೊಳ್ಳಬೇಕು, ಕಡಲಿಗೆ ಸಾಮಾನ್ಯವಾಗಿ ಹವ್ಯಾಸಿಗೆ ಪರವಾನಗಿಯೇ ಬೇಡ. ಮರಿಗಳನ್ನು ಬಿಡುವವರಿದ್ದಾರೆ, ಲೆಕ್ಕವಿಟ್ಟು ಹಿಡಿಯುವವರಿದ್ದಾರೆ. ಎಲ್ಲವೂ ಅವರವರ ಮನಸ್ಸಿಗೆ ಬಿಟ್ಟದ್ದು.

ಇದರ ಮೇಲೆ ನೀರು ಬಿಸಿಯಾಗಿ, ಕಡಲಗಿಡ ಮೇಯುವ ಮೀನುಗಳೂ ಮುಳ್ಳುಚೆಂಡುಗಳೂ ಹೆಚ್ಚಿ, ಹಲವು ಕೊಲ್ಲಿಗಳ ತಳ ಬೋಳಾಗುತ್ತಿದೆ. ಮೊಟ್ಟೆ ಅಂಟಿಸಲು ಜಾಗವಿಲ್ಲ. ಅದಕ್ಕೆಂದು ಕೆಲವು ಊರುಗಳ ಮೀನುಗಾರರು ವಸಂತಕ್ಕೆ ಮುಂಚೆ ಕಾಡಿನಿಂದ ಎಲೆಸಹಿತ ಕೊಂಬೆಗಳನ್ನು ಕಡಿದು ತಂದು, ಭಾರ ಕಟ್ಟಿ ನೀರಿಗಿಳಿಸುತ್ತಾರೆ. ಮುಳುಗುಗಾರರು ಅವನ್ನು ತಳದಲ್ಲಿ ನಿಲ್ಲಿಸುತ್ತಾರೆ. ಕೆಲವು ವಾರಗಳಲ್ಲಿ ಕೊಂಬೆಗಳ ತುಂಬ ಬೆರಳಿನಂಥ ಬಿಳಿಯ ಮೊಟ್ಟೆಚೀಲಗಳು ಜೋತಾಡತೊಡಗುತ್ತವೆ. ಒಂದೊಂದರಲ್ಲೂ ಕೆಲವೇ ಮೊಟ್ಟೆ.